ಹಂಚಿನ ಕಾರ್ಖಾನೆಯಲ್ಲಿ ತಾಳೆಗರಿಯ ಫೀಸು

ಭಟ್ಟಿಯಿಂದ ಇಳಿಸಿದ ಹಂಚು ಸರಿಯಾಗಿ ಬೆಂದಿದೆಯೇ ಎಂದು ತಿಳಿಯಲು ನಾನು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಬೆರಳಗಂಟಿನಿಂದ ಬಡಿದು ನೋಡುತ್ತಿದ್ದೆ. ಬೆಂದ ಹಂಚು ಕಂಚಿನ ಹಾಗೆ ದನಿ ಕೊಡುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಕುಗ್ಗುತ್ತದೆ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಬಂದವನಿಗೆ ಬೇರೆ ಪರೀಕ್ಷೆಗಳೂ ಗೊತ್ತಿದ್ದವು. ಹಂಚು ಎಷ್ಟು ನೀರು ಹೀರುತ್ತದೆ ಎಂದು ತೂಗುವುದು, ಭಾರ ಹೇರಿ ಮುರಿದು ನೋಡುವುದು ಎಲ್ಲವನ್ನೂ ಮಾಡುತ್ತಿದ್ದೆ. ಆದರೆ ಸಾಲು ಸಾಲು ಹಂಚಿನ ಮುಂದೆ ನಿಂತಾಗ ಕಿವಿಯೇ ಬೇಗ. ಆ ಹೊತ್ತಿನಲ್ಲಿ ನಾನು ಯಾರ ಜತೆಗೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ದನಿ ತಪ್ಪುತ್ತದೆ. ಇದನ್ನು ನಾನು ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೆ.

ಕಾರ್ಖಾನೆ ಇದ್ದದ್ದು ಬಂಟ್ವಾಳದಲ್ಲಿ, ನೇತ್ರಾವತಿಯ ದಂಡೆಯಲ್ಲಿ. ವರ್ಷ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಒಂದನ್ನೇ ಹಿಡಿದು ಹೇಳಲಾರೆ. ಹಾಗೆ ಹಿಡಿದು ಹೇಳುವ ಅಭ್ಯಾಸ ನನಗೆ ಮೊದಲು ಇತ್ತು, ಇಲ್ಲಿ ಬರೆಯುತ್ತಿರುವ ಸಂಗತಿಯ ನಂತರ ಬಿಟ್ಟುಹೋಯಿತು. ನಾನು ಅಲ್ಲಿ ಸಹಾಯಕ ಮ್ಯಾನೇಜರ್. ಹಂಚಿನ ಗುಣಮಟ್ಟ ನೋಡಿಕೊಳ್ಳುವುದರ ಜತೆಗೆ ಸಿಬ್ಬಂದಿಯ ಅರ್ಜಿ, ರಜೆ, ಸವಲತ್ತುಗಳ ಕಾಗದವೂ ನನ್ನ ಮೇಜಿಗೇ ಬರುತ್ತಿತ್ತು.

ಸವಲತ್ತುಗಳಲ್ಲಿ ಒಂದು, ಓದಿನ ಫೀಸು. ಕಾರ್ಖಾನೆ ಕಟ್ಟಿದ ದೊಡ್ಡ ಧಣಿಗಳು ಮಾಡಿದ ಏರ್ಪಾಡು ಅದು. ಕೆಲಸಗಾರ ಏನಾದರೂ ಓದಲು ಸೇರಿದರೆ ಫೀಸು ತಾನೇ ಕಟ್ಟಿ ರಸೀದಿ ತರಬೇಕು, ಕಂಪೆನಿ ಆ ಹಣವನ್ನು ಅವನಿಗೆ ಕೊಡುತ್ತದೆ. ಇದು ಎಲ್ಲೂ ಬರವಣಿಗೆಯಲ್ಲಿ ಇರಲಿಲ್ಲ. ದೊಡ್ಡ ಧಣಿಗಳ ಬಾಯಿಮಾತೇ ನಿಯಮ. ಬಾಯ್ಲರ್ ನೋಡಿಕೊಳ್ಳುವವನ ಪರೀಕ್ಷೆಗೆ, ಲಾರಿಯ ಕ್ಲೀನರ್ ಡ್ರೈವಿಂಗ್ ಕಲಿಯುವುದಕ್ಕೆ, ಆಫೀಸಿನ ಹುಡುಗಿಯ ಟೈಪಿಂಗಿಗೆ ಹಾಗೆ ಕೊಟ್ಟದ್ದುಂಟು. ದೊಡ್ಡ ಧಣಿಗಳು ತೀರಿಕೊಂಡ ಮೇಲೆ ಮಗ ಬಂದರು. ಸಣ್ಣ ಧಣಿ ಎಂದೇ ಎಲ್ಲರೂ ಕರೆಯುತ್ತಿದ್ದ ಅವರು ಕಾಮರ್ಸ್ ಓದಿದವರು. ಕೆಟ್ಟವರಲ್ಲ. ಅಪ್ಪ ಹೇಳಿದ್ದು ಎಂಬ ಮಾತು ಅವರ ಕಿವಿಗೆ ದಿನಕ್ಕೆ ಹತ್ತು ಸಲ ಬೀಳುತ್ತಿತ್ತು, ಅದರಲ್ಲಿ ಯಾವುದು ನಿಜ ಯಾವುದು ಕಟ್ಟುಕಥೆ ಎಂದು ಬೇರ್ಪಡಿಸುವುದೇ ಅವರಿಗೆ ಒಂದು ಕೆಲಸವಾಗಿತ್ತು.

ಫೀಸಿನ ಅರ್ಜಿ ತಂದವರು ರವಾನೆ ವಿಭಾಗದ ಗುಮಾಸ್ತೆ. ಲಾರಿಗೆ ಹೇರುವ ಹಂಚುಗಳನ್ನು ಎಣಿಸಿ ಚೀಟಿ ಬರೆಯುವ ಕೆಲಸ ಅವರದು. ಮೂವತ್ತರ ಆಸುಪಾಸಿನ ಹೆಂಗಸು, ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ಮೂಡುಬಿದಿರೆಯ ಒಂದು ವಿದ್ಯಾಸಂಸ್ಥೆಯವರು ಭಾನುವಾರ ಮತ್ತು ರಜೆಯ ದಿನಗಳಲ್ಲಿ ತಾಳೆಗರಿಯ ಗ್ರಂಥಗಳನ್ನು ಓದಲು ಕಲಿಸುತ್ತಿದ್ದರು. ವರ್ಷದ ಕೊನೆಗೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು. ಇವರು ಅದಕ್ಕೆ ಸೇರಿ, ಪ್ರತಿ ಭಾನುವಾರ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಹೋಗಿ ಬರುತ್ತಿದ್ದರು. ಫೀಸಿಗೆ ಎರಡು ಕಂತು. ಮೊದಲ ಕಂತನ್ನು ತನ್ನ ಕೈಯಿಂದ ಕಟ್ಟುವುದು, ಕಂಪೆನಿ ಅದನ್ನು ಕೊಟ್ಟಾಗ ಅದರಿಂದಲೇ ಎರಡನೆಯದನ್ನು ಕಟ್ಟುವುದು ಅವರ ಲೆಕ್ಕ. ಎರಡನೆಯ ಕಂತು ಕಟ್ಟದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಸಂಸ್ಥೆಯವರು ಖಡಾಖಂಡಿತವಾಗಿ ಹೇಳಿದ್ದರು.

ಮಳೆಗಾಲದಲ್ಲಿ ಭಟ್ಟಿ ಆರಿಸಿ ರಿಪೇರಿಗೆ ಬಿಡುತ್ತಿದ್ದೆವು. ಆ ಬಿಡುವಿನಲ್ಲಿ ನಾನು ಅರ್ಜಿಗೆ ಶಿಫಾರಸು ಬರೆದು ಲೆಕ್ಕ ವಿಭಾಗಕ್ಕೆ ಕಳಿಸಿದೆ. ಮರುದಿನವೇ ಹಿಂದೆ ಬಂತು. ತಂದವರು ಲೆಕ್ಕ ನೋಡುವ ಹಿರಿಯರು, ಸ್ವತಃ.

"ಎಂ.ಎಸ್ಸಿ.ಯವರೇ, ಇದು ಎಂತದು?"

"ಫೀಸಿನ ಅರ್ಜಿ."

"ಅದು ಕಾಣ್ತದೆ. ಓಲೆ ಓದ್ಲಿಕ್ಕೆ ಕಲಿತರೆ ನಮ್ಮ ಹಂಚಿಗೆ ಎಂತ ಆಗ್ತದೆ ಅಂತ ಕೇಳಿದ್ದು. ನಾಳೆ ಮಣ್ಣು ಹೊರುವವ ಬಂದು ಮದ್ದಳೆ ಕಲಿತೇನೆ, ಫೀಸು ಕೊಡಿ ಅಂದ್ರೆ ಕೊಡುವುದಾ?"

"ಮದ್ದಳೆಯಾದರೂ ಕೊಡಬೇಕಾಗ್ತದೆ. ದೊಡ್ಡ ಧಣಿಗಳು ಹಾಗೇ ಹೇಳಿದ್ದು."

"ಯಾರ ಹತ್ರ?"

"ನನ್ನ ಹತ್ರ."

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಸಣ್ಣ ಧಣಿಗಳ ಹತ್ರ ನೀವೇ ಹೇಳಿ. ನಾನು ಇದಕ್ಕೆ ಕೈ ಹಾಕುವುದಿಲ್ಲ ಮಾರಾಯ್ರೆ."

ನಾನು ಸುಳ್ಳು ಹೇಳಿರಲಿಲ್ಲ. ದೊಡ್ಡ ಧಣಿಗಳು ಹೇಳಿದ ಆ ಗಳಿಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತು. ಸಂಜೆ. ಅಂಗಳದಲ್ಲಿ ಚಿಮಣಿಯ ನೆರಳು ಉದ್ದಕ್ಕೆ ಬಿದ್ದಿತ್ತು. ಧಣಿಗಳು ಬಿಸಿಲು ತಪ್ಪಿಸಿಕೊಂಡು ಆ ನೆರಳಿನ ಪಟ್ಟಿಯೊಳಗೇ ನಿಂತು, ಹೆಗಲ ಮೇಲಿನ ಬೈರಾಸಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಹೇಳಿದ್ದರು: "ಓದುವವರು ಓದಲಿ. ಫೀಸು ನಾವು ಕೊಡುವ. ಹಂಚಿನದ್ದೇ ಓದು ಆಗ್ಬೇಕು ಅಂತ ಇಲ್ಲ."

ಸಣ್ಣ ಧಣಿ ಇದನ್ನೆಲ್ಲ ಕೇಳಿಸಿಕೊಂಡರು. ತಲೆ ಆಡಿಸಿದರು.

"ಅಪ್ಪ ಹೇಳಿರಬಹುದು. ಹೇಳದೆಯೂ ಇರಬಹುದು. ನಾನು ಯಾವುದರ ಮೇಲೆ ಸೈನ್ ಹಾಕ್ಬೇಕು? ಆಡಿಟ್‌ನವರು ಕೇಳಿದ್ರೆ ಅಂಗಳದಲ್ಲಿ ನೆರಳು ಬಿದ್ದಿತ್ತು ಅಂತ ಹೇಳುವುದಾ? ಒಂದು ಕಾರಣ ಬರೆದು ಕೊಡಿ. ಕೆಲಸಕ್ಕೂ ಈ ಕೋರ್ಸಿಗೂ ಏನಾದರೂ ಸಂಬಂಧ ತೋರಿಸಿ. ಇಲ್ಲದಿದ್ರೆ ಅಪ್ಪ ಹೇಳಿದ್ದಕ್ಕೆ ಇನ್ನೊಬ್ಬರ ಸಾಕ್ಷಿ ತನ್ನಿ."

ಮೊದಲು ಸಂಬಂಧ ತೋರಿಸಲು ಕುಳಿತೆ. ತಾಳೆಗರಿಯ ಮೇಲಿನ ಅಕ್ಷರ ಅತಿ ಸಣ್ಣದು, ಅದನ್ನು ಓದಿ ಓದಿ ಕಣ್ಣು ಚುರುಕಾಗುತ್ತದೆ, ಚುರುಕಾದ ಕಣ್ಣು ಹಂಚಿನ ಸಣ್ಣ ಬಿರುಕನ್ನೂ ಹಿಡಿಯುತ್ತದೆ ಎಂದು ಒಂದು ಪುಟ ಬರೆದೆ. ಗುಮಾಸ್ತೆಯನ್ನು ಕರೆದು ಓದಿ ಹೇಳಿದೆ.

ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಸರ್, ಓಲೆ ಓದಿ ಓದಿ ನನ್ನ ಕಣ್ಣು ಮಂಜಾಗ್ತಾ ಉಂಟು. ಮೊನ್ನೆ ಎಣಿಕೆಯಲ್ಲಿ ಒಂದು ಸಾಲು ಬಿಟ್ಟದ್ದು ಲಾರಿಯವನೇ ತೋರಿಸಿಕೊಟ್ಟದ್ದು."

"ಮತ್ತೆ ನೀವು ಇದಕ್ಕೆ ಯಾಕೆ ಸೇರಿದ್ದು? ಅದನ್ನಾದರೂ ಬರೆಯುವ."

"ಮೂಡುಬಿದಿರೆಗೆ ಒಂದು ಮದುವೆಗೆ ಹೋಗಿದ್ದೆ. ಬಸದಿಯಲ್ಲಿ ಓಲೆಯ ಕಟ್ಟುಗಳನ್ನು ಬಿಚ್ಚಿ ಗಾಳಿಗೆ ಇಟ್ಟಿದ್ರು. ಒಂದನ್ನು ನೋಡಿದೆ. ಎಂತ ಭಾಷೆ ಅಂತ ಕೇಳಿದೆ. ಕನ್ನಡವೇ ಅಂದ್ರು. ನನಗೆ ಒಂದಕ್ಷರ ತಿಳೀಲಿಲ್ಲ. ಸಿಟ್ಟು ಬಂತು."

"ಸಿಟ್ಟಾ?"

"ಹೌದು ಸರ್. ನಮ್ಮದೇ ಅಕ್ಷರ ಅಂತೆ, ನನ್ನ ಮುಖ ನೋಡಿ ಬಾಯಿ ಮುಚ್ಚಿ ಕೂತ ಹಾಗೆ. ಓದ್ಲೇಬೇಕು ಅಂತ ಆಯ್ತು. ಇದನ್ನು ಬರೆದ್ರೆ ಧಣಿ ಫೀಸು ಕೊಡ್ತಾರಾ?"

ಕೊಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬರೆದ ಪುಟವನ್ನು ಹರಿದು ಹಾಕಿದೆ. ಎದ್ದು ಹೋಗುವಾಗ ಅವರು ಬಾಗಿಲ ಬಳಿ ನಿಂತು, ತಗ್ಗಿದ ದನಿಯಲ್ಲಿ ಹೇಳಿದರು. "ಅಣ್ಣನ ಹತ್ರ ಕಂಪೆನಿ ಫೀಸು ಕೊಡ್ತದೆ ಅಂತ ಹೇಳಿಯೇ ಒಪ್ಪಿಗೆ ತಗೊಂಡದ್ದು ಸರ್. ಇಲ್ಲ ಅಂತಾದ್ರೆ ಪರೀಕ್ಷೆ ಮಾತ್ರ ಅಲ್ಲ, ಇನ್ನು ಭಾನುವಾರ ಬಸ್ಸು ಹತ್ಲಿಕ್ಕೂ ಬಿಡ್ಲಿಕ್ಕಿಲ್ಲ."

ಅವರು ನನ್ನನ್ನು ದೂರಿರಲಿಲ್ಲ. ಆದರೆ ಕಂಪೆನಿ ಕೊಡುತ್ತದೆ ಎಂದು ಅವರಿಗೆ ಹೇಳಿದವರು ಯಾರು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ. ಸೇರುವ ಮೊದಲು ಅವರು ನನ್ನ ಮೇಜಿನ ಬಳಿ ಬಂದು ಕೇಳಿದ್ದು, 'ವಿಚಾರಿಸಿ ನೋಡುತ್ತೇನೆ' ಎಂದು ನಾನು ಹೇಳಿದ್ದು, ಇಷ್ಟು ನನಗೆ ನೆನಪಿತ್ತು.

ಉಳಿದದ್ದು ಸಾಕ್ಷಿಯ ದಾರಿ. ದೊಡ್ಡ ಧಣಿಗಳ ಕಾಲದ ಮ್ಯಾನೇಜರು ನಿವೃತ್ತರಾಗಿ ಬೆಳ್ತಂಗಡಿ ಪೇಟೆಯಲ್ಲಿ ಅಳಿಯನ ಪಾತ್ರೆ ಅಂಗಡಿಯಲ್ಲಿ ಕೂರುತ್ತಿದ್ದರು. ಆ ಸಂಜೆ ಧಣಿಗಳ ಪಕ್ಕದಲ್ಲಿ ಅವರೂ ನಿಂತಿದ್ದರು ಎಂದು ನನ್ನ ನೆನಪು ಹೇಳುತ್ತಿತ್ತು. ಒಂದು ರಜೆ ಹಾಕಿ ಬಸ್ಸು ಹತ್ತಿದೆ. ಜಡಿಮಳೆ. ಬಸ್ಸಿನ ಕಿಟಕಿಗಳಿಗೆ ಟಾರ್ಪಾಲು ಇಳಿಬಿಟ್ಟಿದ್ದರು, ಒಳಗೆ ಒದ್ದೆ ಕೊಡೆಗಳ ವಾಸನೆ. ದಾರಿಯುದ್ದಕ್ಕೂ ನಾನು ಆ ದೃಶ್ಯವನ್ನು ಮತ್ತೆ ಮತ್ತೆ ನೋಡಿಕೊಂಡೆ. ಪ್ರತಿ ಸಲವೂ ಅದು ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ಸ್ಪಷ್ಟವಾಗುತ್ತಿರುವುದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ನಾನೇ ಮೊದಲು ಅನುಮಾನಿಸುತ್ತಿದ್ದೆ.

ಮಾಜಿ ಮ್ಯಾನೇಜರು ಹಿತ್ತಾಳೆ ಕೊಡಪಾನಗಳ ನಡುವೆ ಸ್ಟೂಲಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಖುಷಿಪಟ್ಟರು. ಚಾ ತರಿಸಿದರು. ವಿಷಯ ಹೇಳಿದೆ.

"ಧಣಿಗಳು ಹಾಗೆ ಹೇಳಿದ್ರೂ ಹೇಳಿಯಾರು. ಅವರ ಬಾಯಿಗೆ ಬೇಲಿ ಉಂಟಾ? ಒಂದು ದಿನ ಊರಿಗೇ ದಾನ, ಮರುದಿನ ಬೀಡಿಯ ಬೆಂಕಿಗೂ ಲೆಕ್ಕ. ಆದ್ರೆ ನಾನು ಕೇಳಿದ ನೆನಪಿಲ್ಲ ಮಾರಾಯ. ಯಾವಾಗ ಹೇಳಿದ್ದು?"

"ನಾನು ಸೇರಿದ ಹೊಸತರಲ್ಲಿ. ಸಂಜೆ. ನೀವೂ ಇದ್ರಿ. ಅಂಗಳದಲ್ಲಿ ಚಿಮಣಿಯ ನೆರಳು ಬಿದ್ದಿತ್ತು, ಧಣಿಗಳು ಅದರೊಳಗೆ ನಿಂತಿದ್ರು."

ಅವರು ಚಾದ ಲೋಟ ಕೆಳಗಿಟ್ಟರು. "ಯಾವ ಚಿಮಣಿ?"

"ನಮ್ಮ ಚಿಮಣಿ. ಮತ್ತೆ ಯಾವುದು?"

"ಅಂಗಳದಲ್ಲಿ ಈಗ ಇರುವುದಾ? ಅದು ಧಣಿಗಳು ಹೋದ ಮೇಲೆ ಎದ್ದದ್ದಲ್ವಾ? ಮಗ ಕಟ್ಟಿಸಿದ್ದು. ಹಳೆಯದ್ದು ಹೊಳೆಯ ಬದಿಗೆ ಇತ್ತು, ಮೊಂಡು ಚಿಮಣಿ. ಸಂಜೆ ಹೊತ್ತಿಗೆ ಅದರ ನೆರಳು ಅಂಗಳಕ್ಕೆ ಬೀಳ್ಬೇಕಾದ್ರೆ ಸೂರ್ಯ ಹೊಳೆಯಿಂದ ಎದ್ದು ಬರ್ಬೇಕು."

ಅವರು ನಕ್ಕರು. ನಾನೂ ನಗಲು ನೋಡಿದೆ. ಅವರು ಹೇಳಿದ್ದು ಸರಿ. ಹೊಸ ಚಿಮಣಿಗೆ ಇಟ್ಟಿಗೆ ಆರಿಸಿದವನು ನಾನೇ. ಅದರ ಪ್ರತಿ ಇಟ್ಟಿಗೆಯ ದನಿ ನಾನು ಕೇಳಿದ್ದೆ. ಆಗ ದೊಡ್ಡ ಧಣಿಗಳ ವರ್ಷಾಂತಿಕವೂ ಕಳೆದಿತ್ತು. ಇಷ್ಟೆಲ್ಲ ಗೊತ್ತಿದ್ದೂ ಸತ್ತವರನ್ನು ಇನ್ನೂ ಹುಟ್ಟದ ನೆರಳಿನಲ್ಲಿ ನಿಲ್ಲಿಸಿ ಇಷ್ಟು ವರ್ಷ ಅವರ ಮಾತು ಕೇಳುತ್ತಿದ್ದೆ.

ಹಿಂದಿರುಗುವ ಬಸ್ಸಿನಲ್ಲಿ ನನ್ನೊಡನೆ ನಾನೇ ವಾದಕ್ಕೆ ಕುಳಿತೆ. ನೆರಳು ಆಮೇಲೆ ಸೇರಿಕೊಂಡಿರಬಹುದು, ಮಾತು ನಿಜವೇ ಇರಬಹುದು. ಮಾತೂ ಆಮೇಲೆ ಸೇರಿಕೊಂಡಿರಬಹುದು. ಧಣಿಗಳು 'ಓದುವವರು ಓದಲಿ' ಎಂದಷ್ಟೇ ಹೇಳಿ, 'ಹಂಚಿನದ್ದೇ ಆಗಬೇಕೆಂದಿಲ್ಲ' ಎಂಬುದು ನನ್ನ ಆಸೆಯೇ ಇರಬಹುದು. ನಾನೂ ರಸಾಯನಶಾಸ್ತ್ರ ಬಿಟ್ಟು ಬೇರೇನಾದರೂ ಓದಬೇಕೆಂದು ಚಡಪಡಿಸುತ್ತಿದ್ದ ಕಾಲ ಅದು. ಬಂಟ್ವಾಳದಲ್ಲಿ ಇಳಿಯುವಾಗ ನನಗೆ ಯಾವುದೂ ಗಟ್ಟಿಯಾಗಿ ಉಳಿದಿರಲಿಲ್ಲ.

ಸಣ್ಣ ಧಣಿಗೆ ಸಾಕ್ಷಿ ಸಿಗಲಿಲ್ಲ ಎಂದೆ. ಚಿಮಣಿಯ ವಿಷಯ ಹೇಳಲಿಲ್ಲ.

ಅವರು ಯೋಚಿಸಿದರು. "ಒಂದು ಕೆಲಸ ಮಾಡುವ. ಭಟ್ಟಿಗೆ ಬೆಂಕಿ ಕೊಡುವ ಮೊದಲು ಗುಳಿಗನ ಕಲ್ಲಿಗೆ ತಂಬಿಲ ಉಂಟಲ್ಲ. ಅಪ್ಪ ನಂಬಿದ ಕಲ್ಲು. ಅಲ್ಲಿ ನಿಂತು, ದೊಡ್ಡ ಧಣಿ ಹೀಗೆ ಹೇಳಿದ್ದು ಹೌದು ಅಂತ ಹೇಳಿ ಬಿಡಿ. ಅಲ್ಲಿಯೇ ಮಂಜೂರು ಮಾಡ್ತೇನೆ. ಆಮೇಲೆ ಆಡಿಟ್‌ನವನೂ ಬೇಡ, ಲೆಕ್ಕದವರೂ ಬೇಡ. ಕಲ್ಲಿನ ಎದುರು ಆದ ಮಾತನ್ನು ಈ ಊರಲ್ಲಿ ಯಾರೂ ಎಳೆದಾಡುವುದಿಲ್ಲ."

ಕಾರ್ಖಾನೆಯ ಹಿಂಬದಿ, ಮಣ್ಣು ಅರೆಯುವ ಯಂತ್ರದ ಆಚೆ, ಕಾಸರಕನ ಮರದ ಬುಡದಲ್ಲಿ ಗುಳಿಗನ ಕಲ್ಲಿತ್ತು. ಜಾಗವನ್ನು ಕಾಯುವ ದೈವ. ಮಳೆ ಮುಗಿದು ಭಟ್ಟಿಗೆ ಮತ್ತೆ ಬೆಂಕಿ ಕೊಡುವ ದಿನ ಎಳನೀರು, ಭತ್ತದ ಹೊದಳು ಇಟ್ಟು ತಂಬಿಲವೆಂಬ ಪೂಜೆ ಕೊಡುವುದು ರೂಢಿ. ಹೊಲದ ಗಡಿ, ಕೊಟ್ಟ ಕೂಲಿ, ಕಳೆದ ದನ, ಹೀಗೆ ಕಾಗದಪತ್ರವಿಲ್ಲದ ಎಷ್ಟೋ ತಕರಾರುಗಳು ಇಂಥ ಕಲ್ಲುಗಳ ಎದುರು ಮುಗಿಯುವುದನ್ನು ನಾನು ಕಂಡಿದ್ದೆ. ಸುಳ್ಳು ಹೇಳಿದವನು ಬದುಕಿ ಉಳಿಯುವುದಿಲ್ಲ ಎಂಬ ನಂಬಿಕೆ.

"ನನಗೆ ಅದರಲ್ಲಿ ನಂಬಿಕೆ ಇಲ್ಲ ಅಂತ ನಿಮಗೆ ಗೊತ್ತುಂಟಲ್ಲ ಧಣಿ," ಎಂದೆ.

"ಮತ್ತೆ ಕಷ್ಟ ಎಂತದು? ನಂಬಿಕೆ ಇರುವವನಿಗೆ ಹೆದರಿಕೆ. ನಿಮಗೆ ಅದು ಬರೀ ಕಲ್ಲು."

ಒಪ್ಪಿಕೊಂಡೆ. ಗುಮಾಸ್ತೆಗೆ ಕೆಲಸ ಆಗುತ್ತದೆ ಎಂದು ಹೇಳಿದೆ. ಪರೀಕ್ಷೆಗೆ ವಾರವಷ್ಟೇ ಉಳಿದಿತ್ತು. ಅವರು ಹೇಗೆ ಎಂದು ಕೇಳಿದರು. ಕಲ್ಲಿನ ಎದುರು ಹೇಳುತ್ತೇನೆ ಎಂದಾಗ ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

"ನಿಮಗೆ ಸರಿಯಾಗಿ ನೆನಪುಂಟಲ್ಲ ಸರ್?"

"ಉಂಟು."

"ಅಲ್ಲ, ಫೀಸಿಗಾಗಿ ಏನಾದರೂ... ಬೇಡ ಸರ್. ಫೀಸು ಹೋದ್ರೆ ಹೋಗ್ಲಿ."

"ನಾನು ಹೇಳಿದೆನಲ್ಲ, ಉಂಟು ಅಂತ," ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ.

ತಂಬಿಲದ ದಿನ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಕೆಲಸಗಾರರೆಲ್ಲ ಮರದ ಸುತ್ತ ನಿಂತಿದ್ದರು. ಹೆಂಗಸರು ಸ್ವಲ್ಪ ದೂರಕ್ಕೆ, ಒಣಗಿಸುವ ಶೆಡ್ಡಿನ ಕಟ್ಟೆಯ ಬಳಿ. ಪೂಜೆಯ ಹೊಣೆ ಬೆಂಕಿ ಮೇಸ್ತ್ರಿಯದು. ಭಟ್ಟಿಯ ಉರಿ ನೋಡಿಕೊಳ್ಳುವವನು ಅವನೇ, ಕಲ್ಲನ್ನು ನೋಡಿಕೊಳ್ಳುವವನೂ ಅವನೇ. ಎಳನೀರು ಕೆತ್ತಿಟ್ಟು, ದೀಪ ಹಚ್ಚಿ, ತುಳುವಿನಲ್ಲಿ ಪ್ರಾರ್ಥನೆ ಮಾಡಿದ. ಕಾರ್ಖಾನೆಗೆ, ಧಣಿಗಳಿಗೆ, ಕೆಲಸದವರಿಗೆ ಯಾವ ಕುಂದೂ ಬಾರದಿರಲಿ ಎಂದು. ಅದು ಮುಗಿದ ಮೇಲೆ ಸಣ್ಣ ಧಣಿ ನನ್ನ ಕಡೆ ನೋಡಿದರು. ಮೇಸ್ತ್ರಿ ನನ್ನ ಕೈಗೆ ಹೂ ಕೊಟ್ಟ.

"ಚಪ್ಪಲಿ ತೆಗೀರಿ ಸರ್," ಎಂದ ಮೆಲ್ಲಗೆ. "ಹೇಳಿ ಆದ ಮೇಲೆ ಹೂ ಅಲ್ಲಿ ಹಾಕಿ. ಕೈಯಲ್ಲಿ ಇಟ್ಟುಕೊಂಡು ಹಿಂದೆ ಬರ್ಬೇಡಿ."

ನಾನು ಚಪ್ಪಲಿ ಬಿಟ್ಟು ಮುಂದೆ ಹೋದೆ. ಕಾಲಿಗೆ ಒದ್ದೆ ಮಣ್ಣು. ಎದುರಿಗೆ ಮೊಣಕಾಲೆತ್ತರದ ಒರಟು ಕಲ್ಲು, ಎಣ್ಣೆ ಕುಡಿದು ಕಪ್ಪಾಗಿತ್ತು. ಅದರ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ, ಈಗಲೂ ಇಲ್ಲ. ಹೇಳಬೇಕಾದ ವಾಕ್ಯ ಸಿದ್ಧವಾಗಿತ್ತು. ಬಾಯಿ ತೆರೆಯುವ ಮೊದಲು ತಲೆಯೆತ್ತಿದೆ. ಮರದ ಕೊಂಬೆಗಳ ಮೇಲಿಂದ ಚಿಮಣಿ ಕಾಣುತ್ತಿತ್ತು. ನೀಟಾಗಿ, ನೆಟ್ಟಗೆ, ನಾನೇ ಆರಿಸಿದ ಇಟ್ಟಿಗೆಗಳು.

ಎಷ್ಟು ಹೊತ್ತು ನಿಂತೆನೋ. ಹಿಂದಿನಿಂದ ಯಾರೋ ಕೆಮ್ಮಿದರು. ಲೆಕ್ಕದ ಹಿರಿಯರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ್ದು ಕೇಳಿಸಿತು.

"ಹೇಳಿ," ಎಂದರು ಸಣ್ಣ ಧಣಿ.

"ಹೇಳಲಿಕ್ಕೆ ಆಗುವುದಿಲ್ಲ ಧಣಿ."

"ಯಾಕೆ? ಅಪ್ಪ ಹೇಳಿಲ್ವಾ?"

"ಹೇಳಿದ್ದಾರೆ ಅಂತ ಅನಿಸ್ತದೆ. ಗ್ಯಾರಂಟಿ ಇಲ್ಲ. ನನ್ನ ನೆನಪಿನಲ್ಲಿ ಅವರು ಆ ಚಿಮಣಿಯ ನೆರಳಲ್ಲಿ ನಿಂತಿದ್ದಾರೆ. ಅವರು ಇದ್ದಾಗ ಆ ಚಿಮಣಿ ಇರಲಿಲ್ಲ."

ಎಲ್ಲರೂ ತಲೆಯೆತ್ತಿ ಚಿಮಣಿ ನೋಡಿದರು. ಕೈಯಲ್ಲಿ ಹೂ ಹಾಗೇ ಇತ್ತು. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಹೂ ಹಿಡಿದು ಮುಂದೆ ಹೋದವನು ಏನನ್ನೂ ಹೇಳದೆ ಹಿಂದೆ ಬರುವುದು ಅವನ ಕಾಲದಲ್ಲಿ ಆದದ್ದಿರಲಿಲ್ಲ. ಹಾಗಾದರೆ ಭಟ್ಟಿಗೆ ಬೆಂಕಿ ಕೊಡುವುದು ಹೇಗೆ ಎಂಬುದು ಅವನ ಚಿಂತೆ. ನಾನು ಗುಮಾಸ್ತೆಯ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಅವರೇ ಶೆಡ್ಡಿನ ಕಟ್ಟೆಯಿಂದ ಇಳಿದು ಬಂದರು. ಗಂಡಸರು ದಾರಿ ಬಿಟ್ಟರು. "ಅಕ್ಕ, ಅಲ್ಲೇ ನಿಲ್ಲಿ," ಎಂದ ಮೇಸ್ತ್ರಿ. ಅವರು ನಿಂತರು, ಆದರೆ ಕೈ ಚಾಚಿದರು. "ಹೂ ನನಗೆ ಕೊಡಿ ಸರ್."

ಕೊಟ್ಟೆ.

ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ದೊಡ್ಡ ಧಣಿಗಳು ಎಂತ ಹೇಳಿದ್ರು ಅಂತ ನನಗೆ ಗೊತ್ತಿಲ್ಲ. ನಾನು ಕೇಳ್ಲಿಲ್ಲ. ಆದರೆ ಸೇರುವ ಮೊದಲು ನಾನು ಈ ಸಾರಿನ ಹತ್ರ ಕೇಳಿದ್ದು ಹೌದು. ಕೋರ್ಸು ಯಾವುದಾದರೂ ಸರಿ, ಕಂಪೆನಿ ಫೀಸು ಕೊಡ್ತದೆ ಅಂತ ಇವರು ಹೇಳಿದ್ದು ಹೌದು. ಆ ಮಾತಿನ ಮೇಲೆ ಸೇರಿದ್ದು ಹೌದು. ಇದರಲ್ಲಿ ಸುಳ್ಳಿದ್ರೆ ಗುಳಿಗ ನನ್ನನ್ನು ನೋಡಿಕೊಳ್ಳಲಿ."

ಹೂವನ್ನು ಮೇಸ್ತ್ರಿಯ ಕೈಗಿತ್ತರು. ಅವನು ಕಲ್ಲಿನ ಬುಡಕ್ಕೆ ಹಾಕಿದ. ಅವನು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ಸಣ್ಣ ಧಣಿ ನನ್ನ ಕಡೆ ತಿರುಗಿದರು. "ಹೌದಾ? ನೀವು ಹಾಗೆ ಹೇಳಿದ್ದೀರಾ?"

ನನಗೆ ನೆನಪಿದ್ದದ್ದು 'ವಿಚಾರಿಸಿ ನೋಡುತ್ತೇನೆ' ಎಂಬ ಮಾತು. ಅದನ್ನು ಹೇಳಿದ್ದರೆ ಅಲ್ಲಿ ನಿಂತ ಅಷ್ಟೂ ಜನರ ಎದುರು ಅವರು ದೈವಕ್ಕೆ ಸುಳ್ಳು ಹೇಳಿದವರಾಗುತ್ತಿದ್ದರು. ಹೌದು ಎಂದು ಬಿಟ್ಟರೆ ನಾನು ಆಗ ತಾನೇ ಬೇಡವೆಂದದ್ದನ್ನೇ ಇನ್ನೊಂದು ಬಾಗಿಲಿನಿಂದ ಮಾಡಿದ ಹಾಗಾಗುತ್ತಿತ್ತು. ಮಣ್ಣು ಅರೆಯುವ ಯಂತ್ರದ ಪಟ್ಟಿ ಗಾಳಿಗೆ ಪಟಪಟ ಬಡಿಯುತ್ತಿತ್ತು.

"ನನಗೆ ನೆನಪಿಲ್ಲ," ಎಂದೆ. "ಆದರೆ ನನ್ನ ನೆನಪು ಎಷ್ಟು ಗಟ್ಟಿ ಅಂತ ಈಗಷ್ಟೇ ಎಲ್ಲರೂ ನೋಡಿದ್ರಿ. ಅವರ ಮಾತಿಗೂ ನನ್ನ ನೆನಪಿಗೂ ಹೋಲಿಸಿದ್ರೆ ನಾನೇ ಅವರ ಮಾತು ನಂಬ್ತೇನೆ. ಹೇಳಿದ್ದೇನೆ ಅಂತಲೇ ಇಟ್ಟುಕೊಳ್ಳಿ. ನಾನು ಆ ಮೇಜಿನ ಹಿಂದೆ ಕೂತು ಹೇಳಿದ್ರೆ ಅದು ಕಂಪೆನಿ ಹೇಳಿದ ಹಾಗೆ. ಅವರಿಗೆ ಅದನ್ನು ಬೇರೆ ಬೇರೆ ಮಾಡಿ ನೋಡುವ ಅಗತ್ಯ ಇರಲಿಲ್ಲ."

"ಕಾರಣ ಕೇಳಿದ್ದೆ ನಾನು. ಅದು ಇನ್ನೂ ಬರ್ಲಿಲ್ಲ."

"ಕಾರಣ ಇಲ್ಲ ಧಣಿ. ಅವರು ಓಲೆ ಓದುವುದರಿಂದ ನಮಗೆ ಒಂದು ಹಂಚು ಹೆಚ್ಚು ಬೇಯುವುದಿಲ್ಲ. ಅವರ ಎಣಿಕೆ ಕೂಡ ಸುಧಾರಿಸಿಲ್ಲ. ಕೊಟ್ಟ ಮಾತು ಅಂತ ಕೊಡಬೇಕು, ಅಷ್ಟೇ."

"ಎಣಿಕೆ ಹಾಳಾಗಿದೆ," ಎಂದ ಲಾರಿಯ ಡ್ರೈವರ್ ಹಿಂದಿನಿಂದ. ಯಾರೋ ಒಬ್ಬ ಕಿಸಕ್ಕನೆ ನಕ್ಕ. ಮೇಸ್ತ್ರಿ ಅವನನ್ನು ದುರುಗುಟ್ಟಿ ನೋಡಿದ.

ಸಣ್ಣ ಧಣಿ ನಗಲಿಲ್ಲ. ಕಲ್ಲಿನ ಬುಡದ ಹೂವನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ಮೇಸ್ತ್ರಿಗೆ, "ಬೆಂಕಿ ಕೊಡು," ಎಂದರು. ಎರಡು ಹೆಜ್ಜೆ ನಡೆದು ತಿರುಗದೆಯೇ ಲೆಕ್ಕದ ಹಿರಿಯರಿಗೆ ಹೇಳಿದರು: "ಫೀಸಿನದ್ದು ಕೊಟ್ಟು ಬಿಡಿ. ಎರಡನೇ ಕಂತಿನದ್ದೂ."

ಮಧ್ಯಾಹ್ನಕ್ಕೆ ಚಿಮಣಿಯಿಂದ ಹೊಗೆ ಎದ್ದಿತು.

ಅದರ ಮರುವಾರ ನೋಟೀಸು ಬೋರ್ಡಿಗೆ ಒಂದು ಕಾಗದ ಅಂಟಿತು. ಇನ್ನು ಮುಂದೆ ಯಾವ ಅಧಿಕಾರಿಯೂ ಕಂಪೆನಿಯ ಪರವಾಗಿ ಬಾಯಿಮಾತಿನ ಭರವಸೆ ಕೊಡಕೂಡದು, ಕೆಲಸಕ್ಕೆ ಸಂಬಂಧವಿಲ್ಲದ ಓದಿಗೆ ಫೀಸು ಇಲ್ಲ ಎಂದು. ಸಿಬ್ಬಂದಿಯ ಕಾಗದಪತ್ರವನ್ನು ನನ್ನ ಮೇಜಿನಿಂದ ಎತ್ತಿ ಲೆಕ್ಕದ ಹಿರಿಯರ ಮೇಜಿಗೆ ಸಾಗಿಸಿದರು. ನನಗೆ ಹಂಚು ಮಾತ್ರ ಉಳಿಯಿತು. "ಎಂ.ಎಸ್ಸಿ.ಯವರೇ, ನಿಮಗೆ ಪುಣ್ಯ ಬಂತು, ನನಗೆ ಕೆಲಸ ಬಂತು," ಎಂದರು ಹಿರಿಯರು. ನನ್ನ ಜತೆ ಸಣ್ಣ ಧಣಿಗೆ ಇದ್ದ ಸಲಿಗೆ ಹೋಯಿತು. ಅಪ್ಪನ ಮಾತನ್ನು ನಿಜವೆಂದಾಗಲಿ ಸುಳ್ಳೆಂದಾಗಲಿ ಮಾಡಿಕೊಡದೆ ಅವರನ್ನು ನಡುವೆ ನಿಲ್ಲಿಸಿದವನು ನಾನು. ಒಂದೆರಡು ಮಳೆಗಾಲ ಕಳೆದು ನಾನೇ ಬಿಟ್ಟೆ. ಬೇರೆ ಊರು, ಬೇರೆ ಕೆಲಸ. ಅಲ್ಲಿಯೂ ಹೆಚ್ಚು ಕಾಲ ನಿಲ್ಲಲಿಲ್ಲ.

ಗುಮಾಸ್ತೆ ಪರೀಕ್ಷೆಗೆ ಕೂತರು. ಹಿಂದೆ ನೋಡಿರದ ಒಂದು ಗರಿಯನ್ನು ಕೊಟ್ಟು ಗಟ್ಟಿಯಾಗಿ ಓದಿಸಿದರಂತೆ. ಮರುದಿನ ಕೆಲಸಕ್ಕೆ ಬಂದಾಗ ಬೆರಳ ತುದಿಗಳೆಲ್ಲ ಕಪ್ಪು. ಗರಿಯ ಮೇಲೆ ಕೊರೆದ ಅಕ್ಷರಕ್ಕೆ ಮಸಿ ತುಂಬಿ ಓದಬೇಕಿತ್ತಂತೆ. ಆ ಕೈಯಲ್ಲೇ ಚೀಟಿ ಬರೆದು, ಲಾರಿ ಡ್ರೈವರನಿಂದ ಬೈಸಿಕೊಂಡರು.

ಎಂಬತ್ತರ ದಶಕದ ನಡುವೆ ಒಮ್ಮೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಕಂಪೆನಿಯ ದುಡ್ಡಲ್ಲಿ ಓದಿದವಳು ಕೆಲಸ ಬಿಟ್ಟು ಓಡುತ್ತಾಳೆ ಎಂದು ಲೆಕ್ಕದ ಹಿರಿಯರು ಆಗ ಭವಿಷ್ಯ ಹೇಳಿದ್ದರು. ಅವರು ಬಿಟ್ಟಿರಲಿಲ್ಲ. ವಾರವಿಡೀ ಅದೇ ಕಾರ್ಖಾನೆಯಲ್ಲಿ ಹಂಚು ಎಣಿಸುತ್ತಿದ್ದರು. ಭಾನುವಾರ ಇಲ್ಲಿಗೆ ಬಂದು ಹಳೆಯ ಓಲೆಗಳನ್ನು ಓದಿ ಪ್ರತಿ ಮಾಡಿಕೊಡುತ್ತಿದ್ದರು, ಅಣ್ಣನೇ ಬಸ್ಸಿಗೆ ಬಿಟ್ಟು ಹೋಗುತ್ತಿದ್ದನಂತೆ. ಕನ್ನಡಕ ಬಂದಿತ್ತು.

ಬಂಟ್ವಾಳದ ಬಸ್ಸು ಬರುವವರೆಗೆ ಮಾತಾಡುತ್ತ ನಿಂತೆವು. ಕೊನೆಗೆ ಕೇಳಿಯೇ ಬಿಟ್ಟೆ. "ಆವತ್ತು ನಾನು ನಿಜವಾಗಿ ಹಾಗೆ ಹೇಳಿದ್ದೆನಾ? ಯಾವ ಕೋರ್ಸಾದರೂ ಸರಿ ಅಂತ?"

"ಅಯ್ಯೋ ಸರ್, ಕಲ್ಲಿನ ಎದುರು ಹೇಳಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಪುನಃ ಹೇಳ್ಬೇಕಾ?"

"ಅನುಮಾನ ಅಲ್ಲ. ನನಗೆ ನೆನಪಿರುವುದು ನೀವು ಮೇಜಿನ ಹತ್ರ ಬಂದದ್ದು."

"ಮೇಜಿನ ಹತ್ರ ಬಂದದ್ದು ಮೊದಲನೇ ಸಲ. ಆಗ ವಿಚಾರಿಸ್ತೇನೆ ಅಂದ್ರಿ. ವಾರ ಬಿಟ್ಟು ಭಟ್ಟಿಯ ಹತ್ರ ಪುನಃ ಕೇಳಿದೆ. ನೀವು ಹಂಚು ಬಡಿದು ನೋಡ್ತಾ ಇದ್ರಿ. ನನ್ನ ಮುಖ ಕೂಡ ನೋಡ್ಲಿಲ್ಲ. 'ಸೇರಿ, ಸೇರಿ, ಯಾವುದಾದ್ರೂ ಸರಿ, ಕಂಪೆನಿ ಕೊಡ್ತದೆ' ಅಂತ ಹೇ‍ಳಿ ಮುಂದಿನ ಹಂಚು ಎತ್ತಿಕೊಂಡ್ರಿ. ಅಷ್ಟು ಹೇಳಿದ್ದೇ ಸಾಕು ಅಂತ ನಾನು ಓಡಿದೆ."

ಬಸ್ಸು ಬಂತು. ಅವರು ಸೆರಗು ಸಿಕ್ಕಿಸಿಕೊಂಡು ನೂಕುನುಗ್ಗಲಿನೊಳಗೆ ಹತ್ತಿದರು. ಕಿಟಕಿಯಿಂದ ಕೈ ಬೀಸಿದರು.

ಹಂಚು ಬಡಿದು ನೋಡುವಾಗ ನಾನು ಯಾರ ಜತೆಗೂ ಮಾತಾಡುತ್ತಿರಲಿಲ್ಲ ಎಂದು ಮೊದಲಿಗೇ ಬರೆದೆ. ಅದೂ ನನ್ನ ನೆನಪೇ.